ಆಸ್ಟೆರಿಸ್ಕ್ ಮೇಲೆ ಸಿಪ್‌ಪಿ ಲೋಡ್ ಟೆಸ್ಟ್: 300 ಕರೆಗಳ ಹಂತದ ಲಾಗ್

ಗುರಿ: ಒಂದೇ ಆಸ್ಟೆರಿಸ್ಕ್ (ಫೋನ್ ಕರೆಗಳನ್ನು ಕೂಡಿಸುವ ತಂತ್ರಾಂಶ) ಸರ್ವರ್ ಏಕಕಾಲಕ್ಕೆ 300 ಕರೆ ಹೊರಬೇಕು, ದನಿ ಎಲ್ಲೂ ತುಂಡಾಗಬಾರದು. ಎರಡನೇ ಷರತ್ತೇ ಮುಖ್ಯ. ಕರೆ ಕೂಡಿಸುವ, ಮುಗಿಸುವ ಎಸ್‌ಐಪಿ ಸಂದೇಶ ಕಳೆದುಹೋದರೆ ಮತ್ತೆ ಹೋಗುತ್ತದೆ. ದನಿ ಹೊರುವ ಆರ್‌ಟಿಪಿ ಪ್ಯಾಕೆಟ್ ಕಳೆದರೆ ಕಳೆದಂತೆಯೇ. ಹಾಗಾಗಿ ಎಲ್ಲ ಕರೆಗಳೂ ಯಶಸ್ವಿ ಎಂದು ಪರದೆ ತೋರಿಸುತ್ತಿರುವಾಗಲೇ ಮಾತು ಹಾಳಾಗಿರಬಹುದು.

ಜೋಡಣೆ: ಗಿಗಾಬಿಟ್ ಸ್ವಿಚ್‌ಗೆ ಮೂರು ಲಿನಕ್ಸ್ ಯಂತ್ರ. ಒಂದರಲ್ಲಿ ಕರೆ ಮಾಡುವ ಸಿಪ್‌ಪಿ (ಪರೀಕ್ಷೆಗಾಗಿ ಕೃತಕ ಕರೆ ಹುಟ್ಟಿಸುವ ಸಾಧನ), ನಡುವೆ ಆಸ್ಟೆರಿಸ್ಕ್, ಇನ್ನೊಂದರಲ್ಲಿ ಕರೆ ಎತ್ತಿಕೊಂಡು ಬಂದ ದನಿಯನ್ನೇ ವಾಪಸ್ ಕಳಿಸುವ ಸಿಪ್‌ಪಿ (ಆರ್‌ಟಿಪಿ ಎಕೋ ಆಯ್ಕೆ). ಡೆಬಿಯನ್, ಉಬುಂಟುಗಳಲ್ಲಿ ಸಿಪ್‌ಪಿಯ ಪ್ಯಾಕೇಜ್ ಹೆಸರು ಸಿಪ್-ಟೆಸ್ಟರ್. ಸೋರ್ಸ್‌ನಿಂದ ಕಟ್ಟುವುದಾದರೆ ಪಿಕ್ಯಾಪ್ (ಹಿಡಿದಿಟ್ಟ ನೆಟ್‌ವರ್ಕ್ ಪ್ಯಾಕೆಟ್‌ಗಳ ಫೈಲ್) ಬೆಂಬಲ ಆನ್ ಮಾಡಲೇಬೇಕು. ಪಿಕ್ಯಾಪ್ ನುಡಿಸಲು ರೂಟ್ ಅನುಮತಿಯೂ ಬೇಕು.

ಮೊದಲು ಕಾಗದದ ಮೇಲಿನ ಲೆಕ್ಕ. ಒಂದು ಕರೆ 60 ಸೆಕೆಂಡ್, ಸೆಕೆಂಡಿಗೆ 5 ಹೊಸ ಕರೆ ಎಂದರೆ ಏಕಕಾಲಕ್ಕೆ 300. ಜಿ.711 ಎಂಬ ದನಿಯ ಕೊಡೆಕ್‌ನಲ್ಲಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ 50. ಈಥರ್‌ನೆಟ್ ಹೆಡರ್ ಸೇರಿ ಪ್ರತಿ ಪ್ಯಾಕೆಟ್ 218 ಬೈಟ್, ಒಟ್ಟು ಸೆಕೆಂಡಿಗೆ 87.2 ಕಿಲೋಬಿಟ್. ಒಂದೊಂದು ಕರೆಗೂ ಸರ್ವರ್‌ಗೆ ಎರಡು ಕಾಲು (ಲೆಗ್: ಕರೆ ಮಾಡಿದ ಕಡೆ ಒಂದು, ಎತ್ತಿಕೊಂಡ ಕಡೆ ಒಂದು), ಆದ್ದರಿಂದ ಒಳಬರುವುದು ಸೆಕೆಂಡಿಗೆ 30,000 ಪ್ಯಾಕೆಟ್, ಹೊರಹೋಗುವುದೂ ಅಷ್ಟೇ. ಬ್ಯಾಂಡ್‌ವಿಡ್ತ್ ಒಂದು ದಿಕ್ಕಿಗೆ ಸೆಕೆಂಡಿಗೆ 52 ಮೆಗಾಬಿಟ್ ಮಾತ್ರ. ಕಷ್ಟ ಕೊಡುವುದು ಪ್ಯಾಕೆಟ್‌ಗಳ ಸಂಖ್ಯೆ, ಗಾತ್ರವಲ್ಲ.

ಸಿಪ್‌ಪಿ ಜೊತೆಗೇ ಬರುವ ಪಿಕ್ಯಾಪ್ ಸನ್ನಿವೇಶವನ್ನು (ಕರೆಯ ಹಂತಗಳನ್ನು ಬರೆದ ಎಕ್ಸ್‌ಎಂಎಲ್ ಫೈಲ್) ಹಾಗೇ ಓಡಿಸಿದರೆ ಈ ಲೆಕ್ಕ ಕೈಕೊಡುತ್ತದೆ. ಅದರ ಆಡಿಯೋ ಸುಮಾರು 8 ಸೆಕೆಂಡಿನದು, ಕಾಯುವ ಸಮಯವೂ ಸನ್ನಿವೇಶದೊಳಗೇ ಬರೆದಿಟ್ಟದ್ದು. ‘-ಡಿ 60000’ (ಕರೆಯ ಅವಧಿ, ಮಿಲಿಸೆಕೆಂಡಿನಲ್ಲಿ) ಕೊಟ್ಟರೂ ಕರೆ 9 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಏಕಕಾಲದ ಕರೆ 45ರ ಸುತ್ತ ನಿಂತುಬಿಡುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಕಾಯುವ ಸಮಯ ಮಾತ್ರ ಹೆಚ್ಚಿಸಿದರೆ ಇನ್ನೂ ಕೆಟ್ಟದ್ದು: ಕರೆ 300 ಕಾಣುತ್ತದೆ, ಆದರೆ ಮೊದಲ 8 ಸೆಕೆಂಡ್ ಕಳೆದ ಮೇಲೆ ದನಿಯ ಒಂದು ಪ್ಯಾಕೆಟ್ಟೂ ಹರಿಯುವುದಿಲ್ಲ. 60 ಸೆಕೆಂಡಿನ ಜಿ.711 ಎ-ಲಾ ಪಿಕ್ಯಾಪ್ ಬೇರೆಯೇ ಹಿಡಿದು, ಎರಡನ್ನೂ ಬದಲಿಸಿದ್ದಾಯಿತು.

ಆಸ್ಟೆರಿಸ್ಕ್‌ನಲ್ಲಿ ಮಾಡಿದ ಬದಲಾವಣೆಗಳಲ್ಲಿ ಎರಡು ಅನಿವಾರ್ಯ. ಆಸ್ಟೆರಿಸ್ಕ್‌ನ ಎಸ್‌ಐಪಿ ಭಾಗವಾದ ಪಿಜೆಸಿಪ್‌ನಲ್ಲಿ ಡೈರೆಕ್ಟ್ ಮೀಡಿಯಾ ತಾನಾಗಿಯೇ ಆನ್ ಇರುತ್ತದೆ. ಕರೆ ಕೂಡಿದ ಮೇಲೆ ಸರ್ವರ್ ಮತ್ತೊಂದು ಇನ್ವೈಟ್ (ಎಸ್‌ಐಪಿಯ ಕರೆ ಆಹ್ವಾನ) ಕಳಿಸಿ ದನಿಯನ್ನು ತನ್ನಿಂದ ಆಚೆ ಸರಿಸಲು ನೋಡುತ್ತದೆ. ಸಿಪ್‌ಪಿಯ ಸಿದ್ಧ ಸನ್ನಿವೇಶಕ್ಕೆ ಆ ಇನ್ವೈಟ್ ಗೊತ್ತಿಲ್ಲ, ಅನಿರೀಕ್ಷಿತ ಸಂದೇಶ ಎಂದು ಕರೆ ಕೆಡವುತ್ತದೆ. ಎರಡೂ ಎಂಡ್‌ಪಾಯಿಂಟ್‌ಗಳಲ್ಲಿ (ಎರಡು ಕಡೆಯ ಸಿಪ್‌ಪಿಗಳಿಗಾಗಿ ಆಸ್ಟೆರಿಸ್ಕ್‌ನಲ್ಲಿರುವ ಸೆಟ್ಟಿಂಗ್) ಡೈರೆಕ್ಟ್ ಮೀಡಿಯಾ ಆಫ್ ಮಾಡಿ.

ಎರಡನೆಯದು ಫೈಲ್ ಡಿಸ್ಕ್ರಿಪ್ಟರ್ ಮಿತಿ, ಅಂದರೆ ಒಂದು ಪ್ರೋಗ್ರಾಂ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್, ಸಾಕೆಟ್‌ಗಳ ಸಂಖ್ಯೆ. ಪ್ರತಿ ಕಾಲಿಗೆ ಆರ್‌ಟಿಪಿ, ಆರ್‌ಟಿಸಿಪಿ (ಆರ್‌ಟಿಪಿಯ ಗುಣಮಟ್ಟದ ವರದಿ) ಎಂದು ಎರಡು ಸಾಕೆಟ್, ಕರೆಗೆ ನಾಲ್ಕು. ಮಿತಿ 1024 ಇದ್ದರೆ 256 ಕರೆ ತಲುಪುವ ಮೊದಲೇ ಮುಗಿಯಿತು. ಶೆಲ್‌ನಲ್ಲಿ ಯುಲಿಮಿಟ್ ಆದೇಶದಿಂದ ಈ ಮಿತಿ ಏರಿಸಿ ಪ್ರಯೋಜನವಿಲ್ಲ. ಸರ್ವಿಸ್ ಆಗಿ ಓಡುವ ಆಸ್ಟೆರಿಸ್ಕ್‌ಗೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಯೂನಿಟ್ ಫೈಲಿನಲ್ಲೇ ಹೆಚ್ಚಿಸಬೇಕು. ಆರ್‌ಟಿಪಿ ಪೋರ್ಟ್ 10000ರಿಂದ 20000 ಸಾಕು, ಬೇಕಾದದ್ದು 1200 ಮಾತ್ರ.

ಅಳೆಯುವ ಕ್ರಮ ಹೀಗೆ ನಿಂತಿದೆ. ಮೊದಲು ಆಸ್ಟೆರಿಸ್ಕ್ ಬಿಟ್ಟು ಎರಡು ಸಿಪ್‌ಪಿಗಳ ನಡುವೆ ನೇರವಾಗಿ ಪೂರ್ತಿ ಲೋಡ್. ಪಿಕ್ಯಾಪ್ ನುಡಿಸಲು ಸಿಪ್‌ಪಿ ಕರೆಗೊಂದು ಥ್ರೆಡ್ ತೆರೆಯುವುದರಿಂದ ಅದೇ ಮೊದಲು ಸುಸ್ತಾಗುವುದುಂಟು. ಇಲ್ಲೇ ದನಿ ತಡವರಿಸಿದರೆ ಸರ್ವರ್ ಪರೀಕ್ಷೆಗೆ ಅರ್ಥವಿಲ್ಲ. ಆಮೇಲೆ ಸರ್ವರ್ ಸೇರಿಸಿ, ಸೆಕೆಂಡಿಗೆ 1 ಕರೆಯಿಂದ ಶುರು. ಓಡುತ್ತಿರುವಾಗ ಪ್ಲಸ್ ಕೀ ಒತ್ತಿದರೆ ಒಂದೊಂದೇ ಏರುತ್ತದೆ. ‘-ಎಲ್ 300’ ಏಕಕಾಲದ ಕರೆಗಳ ಮೇಲ್ಮಿತಿ. ಪರದೆಯಲ್ಲಿ ನೋಡಬೇಕಾದದ್ದು ರೀಟ್ರಾನ್ಸ್ ಕಾಲಂ (ಮತ್ತೆ ಕಳಿಸಿದ ಸಂದೇಶಗಳ ಎಣಿಕೆ). ಉತ್ತರ 500 ಮಿಲಿಸೆಕೆಂಡ್ ತಡವಾದರೆ ಇನ್ವೈಟ್ ಮರುಕಳಿಸುತ್ತದೆ, ನಂತರ 1, 2, 4 ಸೆಕೆಂಡಿನ ಅಂತರ. ಏದುಸಿರು ಬಿಡುತ್ತಿರುವ ಸರ್ವರ್ ಮೇಲೆ ಇದು ಇನ್ನಷ್ಟು ಹೊರೆ. ಆದ್ದರಿಂದ ಈ ಕಾಲಂ ಸೊನ್ನೆ ಬಿಟ್ಟು ಏಳುತ್ತಿದ್ದಂತೆ ಏರಿಕೆ ನಿಲ್ಲಿಸಿ, ಕಾರಣ ಹುಡುಕಬೇಕು.

ದನಿಗೆ ಪ್ರತ್ಯೇಕ ಸಾಕ್ಷಿ ಬೇಕು. ಲೋಡ್ ಹೊರದ ಲ್ಯಾಪ್‌ಟಾಪ್‌ನಿಂದ ಆಸ್ಟೆರಿಸ್ಕ್‌ನ ಎಕೋ ಅಪ್ಲಿಕೇಶನ್‌ಗೆ ಒಂದೇ ಕರೆ, ಅದನ್ನು ಅಲ್ಲೇ ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ಹಿಡಿದು ನೋಡುವ ಸಾಧನ) ಹಿಡಿಯುವುದು. ಆರ್‌ಟಿಪಿ ಸ್ಟ್ರೀಮ್ಸ್ ಕಿಟಕಿಯಲ್ಲಿ ಗರಿಷ್ಠ ಡೆಲ್ಟಾ (ಒಂದರ ಹಿಂದೊಂದು ಬರುವ ಪ್ಯಾಕೆಟ್‌ಗಳ ನಡುವಿನ ಅಂತರ) 20 ಮಿಲಿಸೆಕೆಂಡಿನ ಹತ್ತಿರ ಇರಬೇಕು. ಅದು ಹಿಗ್ಗಿದರೆ ಸರ್ವರ್‌ನಲ್ಲಿ ಯುಡಿಪಿ ಸ್ವೀಕೃತಿ ಬಫರ್ ದೋಷಗಳನ್ನೂ, ನೆಟ್‌ವರ್ಕ್ ಇಂಟರಪ್ಟ್ ಎಲ್ಲ ಒಂದೇ ಕೋರ್ ಮೇಲೆ ಬಿದ್ದಿದೆಯೇ ಎಂಬುದನ್ನೂ ನೋಡಿ. ಸಿಪಿಯು ಸರಾಸರಿ ಇದನ್ನು ಮುಚ್ಚಿಡುತ್ತದೆ. ಫೈರ್‌ವಾಲ್‌ನ ಕನೆಕ್ಷನ್ ಟ್ರ್ಯಾಕಿಂಗ್ ಪಟ್ಟಿ ತುಂಬಿದರೂ ಪ್ಯಾಕೆಟ್ ಬೀಳುತ್ತವೆ, ಕರ್ನಲ್ ಲಾಗ್‌ನಲ್ಲಿ ಸಿಗುತ್ತದೆ.

ಇದೆಲ್ಲ ಪ್ರತ್ಯೇಕ ಸ್ವಿಚ್‌ನಲ್ಲಷ್ಟೇ. ಸೇವಾದಾರರ ಟ್ರಂಕ್ (ಹೊರಗಿನ ಫೋನ್ ಜಾಲಕ್ಕೆ ಕೊಡುವ ಸಂಪರ್ಕ) ಮೇಲೆ ಅವರ ಲಿಖಿತ ಒಪ್ಪಿಗೆಯಿಲ್ಲದೆ ಸಿಪ್‌ಪಿ ಓಡಿಸಬೇಡಿ.

ಬಾಕಿ ಇರುವುದು: ರೆಕಾರ್ಡಿಂಗ್ ಆನ್ ಮಾಡಿ ಇದೇ 300. ರೆಕಾರ್ಡಿಂಗ್ ಇದ್ದಾಗ ಪ್ಯಾಕೆಟ್ಟನ್ನು ಸುಮ್ಮನೆ ದಾಟಿಸುವ ಹತ್ತಿರದ ದಾರಿ ಆಸ್ಟೆರಿಸ್ಕ್‌ಗೆ ಸಿಗುವುದಿಲ್ಲ, ಪ್ರತಿ ಫ್ರೇಮೂ ಕೋರ್ ಮೂಲಕ ಹೋಗುತ್ತದೆ. 8 ಕಿಲೋಹರ್ಟ್ಸ್, 16 ಬಿಟ್ ವೇವ್ ಎಂದರೆ 300 ಕರೆಗೆ ಸೆಕೆಂಡಿಗೆ 4.8 ಮೆಗಾಬೈಟ್ ಬರಹ.