ಸಂಪು ಎದ್ದ ದಿನದಿಂದ

2019ರ ಆಗಸ್ಟ್ ಮಳೆಯನ್ನು ನಮ್ಮ ಹಾಸನದ ಕಡೆಯವರು ಮರೆತಿರಲಿಕ್ಕಿಲ್ಲ. ಆಗ ಸಕಲೇಶಪುರ ರಸ್ತೆಯಲ್ಲಿ ಒಂದು ಮನೆ ಕಟ್ಟಿಸುತ್ತಿದ್ದೆ. ಕಾಂಕ್ರೀಟ್ ಸಂಪು ಮುಗಿದಿತ್ತು. ಮಳೆ ನೀರು ಒಳಗೆ ಬೀಳದ ಹಾಗೆ ಮೇಲೆ ಟಾರ್ಪಾಲ್ ಬಿಗಿದಿದ್ದೆವು. ಆದರೆ ಸುತ್ತ ಮಣ್ಣು ತುಂಬಿಸಿರಲಿಲ್ಲ. ಅದು ನನ್ನದೇ ತಪ್ಪು. ಮೂರು ದಿನ ಕೆಲಸ ನಿಂತಿತು. ನಾಲ್ಕನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ತುಂಬಾ ಕೆಂಪು ನೀರು, ಸಂಪು ಒಂದಡಿ ಮೇಲಕ್ಕೆ ಎದ್ದು ನಿಂತಿದೆ. ಮೇಸ್ತ್ರಿ ಕಾಲಿನಿಂದ ಮೆಲ್ಲಗೆ ಒತ್ತಿದ. ಅಷ್ಟು ದೊಡ್ಡ ಕಾಂಕ್ರೀಟ್ ಪೆಟ್ಟಿಗೆ ಅಲ್ಲಾಡಿತು. 'ದೋಣಿ ಆಗಿಬಿಟ್ಟಿದೆ ಸಾರ್' ಅಂದ.

ಅಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಹೊರ ಅಳತೆ 10 ಅಡಿ ಉದ್ದ, 7 ಅಡಿ ಅಗಲ, 7 ಅಡಿ ಎತ್ತರ. ಗೋಡೆ, ತಳ ಎಲ್ಲ 6 ಇಂಚು ದಪ್ಪ. ಒಟ್ಟು ತೂಕ ಹತ್ತಿರ ಹತ್ತಿರ 10 ಟನ್. ಸುತ್ತ ಒಂದಡಿ ನೀರು ನಿಂತರೆ ಅದು ಸುಮಾರು 2 ಟನ್ ಎತ್ತುತ್ತದೆ. ಅಂದರೆ 5 ಅಡಿ ನೀರು ಸಾಕು, 10 ಟನ್ ಸಂಪು ತೇಲಲು. ಶಾಲೆಯಲ್ಲಿ ಆರ್ಕಿಮಿಡೀಸ್ ಪಾಠ ಎಲ್ಲರೂ ಓದಿದ್ದೇವೆ, ಅಲ್ವಾ? ನನಗೆ ಅದು ಅರ್ಥವಾದದ್ದು ಆ ಗುಂಡಿಯ ಪಕ್ಕ ನಿಂತಾಗ.

ತೇಲುವ ಮನೆ ಅಂದರೆ ಇದೇ ಸಂಪು, ಮೇಲೊಂದು ಮನೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಊರಿನ ಐಬರ್ಗ್‌ನಲ್ಲಿ ಒಂದು ಬಡಾವಣೆಯೇ ಹೀಗೆ ನೀರಿನ ಮೇಲಿದೆ. ಕೆಳಗೆ ಕಾಂಕ್ರೀಟ್ ತೊಟ್ಟಿ, ಅದರ ಮೇಲೆ ಹಗುರ ಗೋಡೆಯ ಮನೆ. ಬೇರೆ ಕಡೆ ಕಟ್ಟಿ, ಕಾಲುವೆಯಲ್ಲಿ ಎಳೆದು ತಂದು, ಉಕ್ಕಿನ ಕಂಬಕ್ಕೆ ಜೋಡಿಸುತ್ತಾರೆ. ನೀರು ಏರಿದರೆ ಮನೆ ಕಂಬದ ಗುಂಟ ಏರುತ್ತದೆ, ಇಳಿದರೆ ಇಳಿಯುತ್ತದೆ. ಪಕ್ಕಕ್ಕೆ ಮಾತ್ರ ಹೋಗುವುದಿಲ್ಲ. ಅದೇ ಊರಿನ ಸ್ಕೂನ್‌ಸ್ಕಿಪ್ ಎಂಬ ಇನ್ನೊಂದು ತೇಲುವ ಬಡಾವಣೆಯಲ್ಲಿ 46 ಕುಟುಂಬಗಳಿವೆ. ಚಾವಣಿ ಮೇಲೆ 500ಕ್ಕೂ ಜಾಸ್ತಿ ಸೋಲಾರ್ ಪ್ಯಾನೆಲ್. ಮನೆ ಬೆಚ್ಚಗಿಡಲು ಕೆಳಗಿನ ಕಾಲುವೆ ನೀರಿನ ಶಾಖವನ್ನೇ ಪಂಪಿನಿಂದ ಎಳೆದುಕೊಳ್ಳುತ್ತಾರೆ.

ಆದರೆ ನನ್ನ ಮನಸ್ಸು ನಿಂತದ್ದು ಅದೇ ದೇಶದ ಮಾಸ್‌ಬೊಮೆಲ್ ಮನೆಗಳ ಮೇಲೆ. ಮಾಸ್ ನದಿ ದಂಡೆಯಲ್ಲಿ ಅಂಥ 32 ಮನೆಗಳಿವೆ. ಉಳಿದ ದಿನ ನೆಲದ ಮೇಲೇ ಕೂತಿರುತ್ತವೆ. ಪ್ರವಾಹ ಬಂದಾಗ ಮಾತ್ರ ಏಳುತ್ತವೆ, ಐದೂವರೆ ಮೀಟರ್‌ವರೆಗೂ. 2011ರಲ್ಲಿ ನದಿ ಉಕ್ಕಿದಾಗ ನಿಜವಾಗಿಯೂ ಎದ್ದವು.

ಇದನ್ನು ನಮ್ಮ ಅಜ್ಜಿಗೆ ಹೇಳಿದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಜ್ಜಿಯ ಊರು ಶೆಟ್ಟಿಹಳ್ಳಿ ಕಡೆ, ಹಿನ್ನೀರಿಗೆ ಹೋಯಿತು. ಅಲ್ಲಿನ ಹಳೆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ, ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಜ್ಜಿ ಆ ಕಡೆ ಹೋಗುವುದಿಲ್ಲ. ಊರು ಬಿಡುವಾಗ ಮನೆಯ ತಲೆಬಾಗಿಲು ಬಿಚ್ಚಿ ಎತ್ತಿನ ಗಾಡಿಯಲ್ಲಿ ತಂದರಂತೆ. ಇವತ್ತೂ ನಮ್ಮ ಮನೆಗೆ ಅದೇ ಬಾಗಿಲು. ಕೆಳಗಿನ ಮೂಲೆಯಲ್ಲಿ ಅರಿಶಿನ ಹಚ್ಚಿ ಹಚ್ಚಿ ಮರವೇ ಹಳದಿಯಾಗಿದೆ. ಈಗಲೂ ಪ್ರತಿ ಮಳೆಗಾಲ ಪೇಪರಿನಲ್ಲಿ ಜಲಾಶಯದ ಮಟ್ಟ ಪೂರ್ತಿ ತುಂಬುವ 2,922 ಅಡಿ ಮುಟ್ಟಿತಾ ಅಂತ ಕೇಳುತ್ತಾಳೆ.

ನನ್ನ ಮಾತೆಲ್ಲ ಕೇಳಿ ಅಜ್ಜಿ ಒಂದೇ ಮಾತು ಕೇಳಿದಳು. 'ಮನೆ ತೇಲ್ತದೆ ಸರಿ ಮಗಾ, ಹೊಲ ತೇಲ್ತದಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣೆಕಟ್ಟಿಗೆ ಹೋದ ಊರಿಗೆ ಈ ಮನೆ ಪರಿಹಾರ ಅಲ್ಲ. ನೀರು ಬಂದು ಹೋಗುವ ಜಾಗಕ್ಕೆ ಮಾತ್ರ ಇದು. ಆಗ ನೆನಪಾದದ್ದು ನನ್ನ ಅಕ್ಕ.

ಅಕ್ಕನನ್ನು ಕೊಟ್ಟಿರುವುದು ಕುಂದಾಪುರದ ಕಡೆ, ಒಂದು ಕುದ್ರುವಿಗೆ. ಕುದ್ರು ಅಂದರೆ ನದಿ ನಡುವಿನ ನಡುಗಡ್ಡೆ. ಐದು ನದಿ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮಳೆ ಜೋರಾಗಿ ಬಂದ ದಿನವೇ ಉಬ್ಬರವೂ ಆದರೆ ಹೊಳೆ ನೀರಿಗೆ ಸಮುದ್ರಕ್ಕೆ ಇಳಿಯಲು ದಾರಿಯೇ ಇಲ್ಲ. ಅಂಗಳ ದಾಟಿ ಒಳಗೆ ಬರುತ್ತದೆ. ಅಕ್ಕಿ ಡಬ್ಬ ಅಟ್ಟಕ್ಕೆ, ಗ್ಯಾಸ್ ಸಿಲಿಂಡರ್ ಮಂಚದ ಮೇಲೆ, ಕರು ಪಕ್ಕದವರ ಜಗಲಿಗೆ. ಎರಡು ದಿನ ಬಿಟ್ಟರೆ ಎಲ್ಲ ಮೊದಲಿನ ಹಾಗೆ. ಅಲ್ಲಿಗೆ ಬೇಕಿರುವುದು ನೆದರ್‌ಲ್ಯಾಂಡ್ಸ್‌ನ ಬಂಗಲೆ ಅಲ್ಲ. ಆ ಎರಡು ದಿನ ಏಳುವ ಒಂದು ಕೋಣೆ.

ಅಲೆ ಬಡಿಯುವ ತೆರೆದ ಸಮುದ್ರಕ್ಕೆ ಇದನ್ನು ನಾನು ಹೇಳುವುದೇ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಮನೆಗಳೂ ಒಳನಾಡಿನ ಶಾಂತ ನೀರಿನಲ್ಲೇ ಇರುವುದು. ನೈಜೀರಿಯಾದ ಲಾಗೋಸ್‌ನಲ್ಲಿ, ಮಕೋಕೋ ಎಂಬಲ್ಲಿ ಪ್ಲಾಸ್ಟಿಕ್ ಡ್ರಮ್ ಮೇಲೆ ಮರದ ಶಾಲೆ ಕಟ್ಟಿದ್ದರು. ಪ್ರಪಂಚವೆಲ್ಲ ಹೊಗಳಿತು. 2016ರ ಜೂನ್‌ನಲ್ಲಿ ದೊಡ್ಡ ಮಳೆಗೆ ಕುಸಿದು ಬಿತ್ತು. ತೇಲಿದರೆ ಸಾಲದು, ವರ್ಷವರ್ಷ ಕಟ್ಟು ಬಿಗಿ ಮಾಡುತ್ತಿರಬೇಕು.

ಉಪ್ಪು ನೀರಿನದು ಇನ್ನೊಂದು ಕಾಟ. ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಕಂಬಿ ಮುಟ್ಟಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಒಡೆಯುತ್ತದೆ. ಕಂಬಿಯ ಮೇಲೆ ಎರಡು ಇಂಚಾದರೂ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು. ಗೋಡೆಗೆ ಮುರಕಲ್ಲು ಆಗುವುದಿಲ್ಲ, ಭಾರ. ಬಿದಿರು ಅಥವಾ ಹಗುರ ಮರ ಆಗಬೇಕು. ಶೌಚದ ನೀರು ಹೊಳೆಗೆ ಬಿಡುವುದಾದರೆ ಅಂಥ ಮನೆ ಕಟ್ಟುವುದೇ ಬೇಡ. ದೋಣಿಮನೆಗಳ ಕೊಳೆಯೂ ಸೇರಿ ಕೆಟ್ಟ ಕೇರಳದ ವೆಂಬನಾಡ್, ಕಾಶ್ಮೀರದ ದಾಲ್ ಸರೋವರ ಎರಡೂ ಕಣ್ಣ ಮುಂದೆ ಇವೆ. ಬರೀ ಸೋಲಾರ್ ಹಾಕಿದ ಮಾತ್ರಕ್ಕೆ ಪರಿಸರದ ಮನೆ ಆಗಿಬಿಡುವುದಿಲ್ಲ.

ಈಗ ಆಲೂರಿನ ಒಂದು ತೋಟದ ಕೃಷಿ ಹೊಂಡದಲ್ಲಿ ಅಂಥ ಕೋಣೆಯ ಮಾದರಿಯಾಗಿ ಸಣ್ಣ ತೊಟ್ಟಿ ಬಿಟ್ಟಿದ್ದೇನೆ. 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರ. ಕೋಳಿ ಜಾಲರಿಗೆ ಗಾರೆ ಮೆತ್ತಿ ಒಂದೂವರೆ ಇಂಚು ದಪ್ಪ ಮಾಡಿದ್ದು. ನಾಲ್ಕು ಮೂಲೆಗೆ ನಾಲ್ಕು ಪೈಪು, ತೊಟ್ಟಿಗೆ ಬಳೆ ಹಾಕಿ ಪೈಪಿಗೆ ಸಿಕ್ಕಿಸಿದೆ. ಖಾಲಿ ಇದ್ದಾಗ ಸರಿಯಾಗಿ ಒಂದಡಿ ಮುಳುಗಿತು. 50 ಕೆಜಿಯ ನಾಲ್ಕು ಸಿಮೆಂಟ್ ಮೂಟೆ ನಡುವೆ ಇಟ್ಟೆ, ಇನ್ನೂ 7 ಇಂಚು ಇಳಿಯಿತು. ನಾನು ಗೀಟು ಹಾಕಿದ್ದ ಕಡೆಗೇ ನೀರು ಬಂತು. ತುಂಬಾ ಖುಷಿಯಾಯಿತು. ಆಮೇಲೆ ಎರಡು ಮೂಟೆ ಒಂದೇ ಬದಿಗೆ ಸರಿಸಿದೆ. ತೊಟ್ಟಿ ವಾಲಿತು. ಬಳೆ ಪೈಪಿಗೆ ಒತ್ತಿಕೊಂಡು ಕಚ್ಚಿತು. ಇಂಥ ಹೊತ್ತಿನಲ್ಲಿ ನೀರು ಏರಿದ್ದರೆ ಕೋಣೆ ಏಳದೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಈಗ ಬಳೆಗೆ ನೈಲಾನ್ ಗಾಲಿ ಹಾಕಿಸುತ್ತಿದ್ದೇನೆ.

ಇಷ್ಟನ್ನೂ ಅಕ್ಕನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಸುಮ್ನೆ ನೋಡುತ್ತಿದ್ದಳು. ಕೊನೆಗೆ ಕೇಳಿದಳು. 'ಹಾಗಾದರೆ ಅಕ್ಕಿ ಡಬ್ಬ ನಡುವೆ ಇಡಬೇಕು. ಕರು ಎಲ್ಲಿ ಕಟ್ಟಲಿ? ಅದು ಒಂದು ಕಡೆ ನಿಲ್ಲುವುದಿಲ್ಲವಲ್ಲ?'

ಮುಂದಿನ ವಾರ ಹೊಂಡದಲ್ಲಿ ಅದನ್ನೇ ನೋಡಬೇಕು.