ಬಾನೆಟ್ ಒಳಗಿನ ಟಿಕ್ ಟಿಕ್

ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ಎಂಜಿನ್ ಆರಿಸದೆ ಕಾರು ನಿಲ್ಲಿಸಿದರೆ ಸಾಕು, ಬಾನೆಟ್ ಒಳಗಿಂದ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್. ಎಂಜಿನ್ ವಾಲ್ವ್‌ಗಳನ್ನು ತಳ್ಳುವ ಟ್ಯಾಪೆಟ್ ಹೋಯಿತೆಂದು ಹೆದರಿದ್ದೆ. ಗ್ಯಾರೇಜಿನ ಅಣ್ಣ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಹಿಡಿದರು. "ಕೇಳಿ, ಪರ್ಜ್ ವಾಲ್ವ್ ಇದು."

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಇದ್ದಿಲಿನ ಕ್ಯಾನಿಸ್ಟರ್ ಹೀರಿಟ್ಟುಕೊಳ್ಳುತ್ತದೆ; ಈ ವಾಲ್ವ್ ತೆರೆದಾಗ ಅದು ಎಂಜಿನ್‌ಗೆ ಹೋಗಿ ಉರಿಯುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕರೆಂಟ್ ಕೊಟ್ಟು ನಿಲ್ಲಿಸಿದಂತೆಲ್ಲ ಒಳಗಿನ ಪ್ಲಂಜರ್ ಎಂಬ ಕಬ್ಬಿಣದ ಪುಟ್ಟ ದಂಡ ಸೆಕೆಂಡಿಗೆ ಹಲವು ಸಲ ಮೇಲೆ ಹಾರಿ, ಸ್ಪ್ರಿಂಗ್ ತಳ್ಳಿದಾಗ ಮತ್ತೆ ಸೀಟಿಗೆ, ಅಂದರೆ ಆವಿಯ ದಾರಿ ಮುಚ್ಚುವ ಅಂಚಿಗೆ, ಬಡಿಯುತ್ತದೆ. ಸದ್ದೂ ಸವೆತವೂ ಹುಟ್ಟುವುದು ಅದೇ ಬಡಿತದಿಂದ. ಅದಕ್ಕೇ ಬಡಿಯುವ ಜಾಗಕ್ಕೆ ರಬ್ಬರ್ ಕೂರಿಸುತ್ತಾರೆ, ಇಡೀ ವಾಲ್ವನ್ನೂ ರಬ್ಬರ್ ಮೌಂಟಿನಲ್ಲಿ ಕೂರಿಸುತ್ತಾರೆ. ಆ ಜಾಣತನ ನನಗೆ ತುಂಬಾ ಹಿಡಿಸಿತು.

ನನ್ನ ಕಾರಿನಲ್ಲಿ ಹೊರಗಿನ ರಬ್ಬರ್ ಬಿರುಕುಬಿಟ್ಟು ವಾಲ್ವ್ ತಗಡಿಗೆ ತಾಗುತ್ತಿತ್ತು. ತಗಡೇ ತಮಟೆಯಾಗಿತ್ತು. ಅಣ್ಣ ವಾಲ್ವ್ ಬಿಚ್ಚಿ, ಕೈಪಂಪಿನಿಂದ ಗಾಳಿ ಒತ್ತಿ ನೋಡಿದರು: ಚೂರೂ ದಾಟಲಿಲ್ಲ. ಕರೆಂಟ್ ಇಲ್ಲದಾಗ ಅದು ಮುಚ್ಚಿಯೇ ಇರಬೇಕು. ದಾಟಿದ್ದರೆ ಸೀಟು ಸವೆದಿರಬೇಕು, ಇಲ್ಲವೇ ಇದ್ದಿಲಿನ ಪುಡಿ ಸಿಕ್ಕಿರಬೇಕು. ರಬ್ಬರ್ ಮಾತ್ರ ಬದಲಾಯಿಸಿದೆವು. ಈಗ ಬಾನೆಟ್ ಎತ್ತಿ ಕಿವಿಗೊಟ್ಟರೆ ಮೆಲ್ಲಗೆ ಟಿಕ್ ಅನ್ನುತ್ತದೆ, ಅಷ್ಟೇ.