ಯಾರೂ ಗೆಲ್ಲದ ಆಟಕ್ಕೆ ಯಾಕೆ ಹೋಗ್ತೀಯ?

"ಅಲ್ಲಿ ಯಾರೂ ಗೆಲ್ಲೋದೇ ಇಲ್ವಂತಲ್ಲೇ, ಮತ್ತೇನು ನೋಡೋಕೆ ಹೋಗ್ತೀಯ?"

ಇದನ್ನು ಮೊದಲು ಕೇಳಿದ್ದು ಅಮ್ಮ, ತೀರ್ಥಹಳ್ಳಿಯಿಂದ ಫೋನಿನಲ್ಲಿ. ಆಮೇಲೆ ಆಫೀಸಿನವರು, ಕನ್ನಡ ಕೂಟದ ಗೆಳತಿಯರು ಎಲ್ಲ ಕೇಳಿದರು. ಒಮ್ಮೆ ಹಲ್ಲಿನ ಡಾಕ್ಟರು ಬಾಯೊಳಗೆ ಹತ್ತಿ ತುರುಕಿಟ್ಟು, ನಾನು ಉತ್ತರ ಹೇಳಲಾಗದ ಹೊತ್ತು ನೋಡಿಯೇ ಕೇಳಿದರು. ಬ್ಲೇಡಿನ ಬೂಟು ಕಟ್ಟಿ ಮಂಜಿನ ಮೇಲೆ ಕುಣಿಯುವ ಫಿಗರ್ ಸ್ಕೇಟಿಂಗ್ ಸ್ಪರ್ಧೆಗೆ ಹೋಗುತ್ತೇನೆ ಎಂದರೆ ಜನಕ್ಕೆ ಅರ್ಥವಾಗುತ್ತದೆ. ನಾನು ದುಡ್ಡು ಕೂಡಿಟ್ಟು ಹೋಗುವುದು ಸ್ಟಾರ್ಸ್ ಆನ್ ಐಸ್ ಎಂಬ ಶೋಗೆ. ಅಲ್ಲಿ ತೀರ್ಪುಗಾರರಿಲ್ಲ, ಅಂಕವಿಲ್ಲ, ಪದಕವಿಲ್ಲ. ದೀಪ ಆರಿಸಿದ ಮೇಲೆ ಒಬ್ಬೊಬ್ಬರಾಗಿ ಬಂದು ಸ್ಕೇಟ್ ಮಾಡಿ ಹೋಗುತ್ತಾರೆ, ಅಷ್ಟೆ. ಒಳ್ಳೆಯ ಸೀಟು ಬೇಕೆಂದರೆ ನೂರು ಡಾಲರಿನ ಮೇಲೆ. ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತದಲ್ಲ ಎಂಬುದು ಈ ಪ್ರಶ್ನೆಯ ಬಾಲ.

(ಮಿಕ್ಕಿ ಮೌಸ್ ವೇಷ ಹಾಕಿಕೊಂಡು ಬರುತ್ತಾರಲ್ಲ, ಅದಲ್ಲ. ಅದು ಡಿಸ್ನಿ ಆನ್ ಐಸ್. ಅದನ್ನೂ ನೋಡಿದ್ದೇನೆ, ಅಣ್ಣನ ಮಗಳ ನೆಪದಲ್ಲಿ.)

ನನಗೆ ಈ ಹುಚ್ಚು ಹಿಡಿದಿದ್ದು 2010ರ ಫೆಬ್ರವರಿಯಲ್ಲಿ. ಅಮೆರಿಕಕ್ಕೆ ಬಂದು ಎರಡನೇ ಚಳಿಗಾಲ, ಟಿವಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದವಳಿಗೆ ನಡುಮನೆಯಿಂದ ಹಿಂದಿ ಸಿನಿಮಾ ಹಾಡು ಕೇಳಿತು. ಓಡಿಬಂದು ನೋಡಿದರೆ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಎಂಬ ಅಮೆರಿಕದ ಜೋಡಿ ಮಂಜಿನ ಮೇಲೆ ನಮ್ಮ ಹಾಡಿಗೆ ಕುಣಿಯುತ್ತಿದೆ. ಸಾಸಿವೆ ಸೀದು ಕರಕಲಾಯಿತು. ಅವರಿಗೆ ಆ ಸಲ ಬೆಳ್ಳಿ ಬಂತು, 2014ರಲ್ಲಿ ಚಿನ್ನ. ಆ ರಾತ್ರಿ ನಾನು ನೋಡಿದ್ದು ಪೂರ್ತಿ ಸ್ಕೇಟಿಂಗ್ ಅಲ್ಲವೆಂದು ತಿಳಿದದ್ದು ಎಷ್ಟೋ ಆಮೇಲೆ, ಮೊದಲ ಸಲ ಅರೀನಾದೊಳಗೆ ಕೂತಾಗ.

ಟಿವಿ ಕ್ಯಾಮೆರಾ ಸ್ಕೇಟರನ್ನು ನಡುವೆ ಹಿಡಿದುಕೊಂಡು ಅವರ ಜೊತೆಗೇ ಓಡುತ್ತದೆ. ಹಾಗಾಗಿ ನಮಗೆ ಕಾಣುವುದು ನಿಂತಲ್ಲೇ ಕೈ ಆಡಿಸುವ ಒಬ್ಬ ಮನುಷ್ಯ ಮತ್ತು ಹಿಂದೆ ಸರಿಯುವ ಜಾಹೀರಾತು ಫಲಕಗಳು. ವೇಗ ಎಲ್ಲಿ ಹೋಯಿತು? ಕ್ಯಾಮೆರಾ ನುಂಗಿತು. ಇಲ್ಲಿನ ರಿಂಕಿನ, ಅಂದರೆ ಮಂಜಿನ ಅಂಗಳದ, ಉದ್ದ ಸುಮಾರು 61 ಮೀಟರ್, ಅಗಲ 26. ಆ ಉದ್ದವನ್ನು ಒಬ್ಬ ಒಳ್ಳೆಯ ಸ್ಕೇಟರ್ ಏಳೆಂಟು ಸಲ ಕಾಲು ಒತ್ತಿ ಮುಗಿಸಿಬಿಡುವುದನ್ನು ಮೇಲಿನಿಂದ ನೋಡಬೇಕು. ನನ್ನ ಮುಂದೆ ಹಾದುಹೋದಾಗ ಮುಖಕ್ಕೆ ತಣ್ಣನೆ ಗಾಳಿ ಬಡಿದದ್ದು ಇವತ್ತಿಗೂ ನೆನಪಿದೆ.

ಇನ್ನು ಸದ್ದು. ಬ್ಲೇಡಿನ ದಪ್ಪ ನಾಲ್ಕೈದು ಮಿಲಿಮೀಟರ್ ಅಷ್ಟೇ. ಅದರ ಅಡಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಕೊರೆದಿರುತ್ತಾರೆ. ಅದರಿಂದ ಒಳಗೊಂದು, ಹೊರಗೊಂದು ಎಂದು ಎರಡು ಅಂಚು ಬರುತ್ತವೆ. ಸ್ಕೇಟಿಂಗ್ ಅಂದರೆ ಈ ಎರಡು ಅಂಚುಗಳ ಮೇಲೆ ವಾಲುವ ವಿದ್ಯೆ. ಸಾಧಾರಣ ಸ್ಕೇಟರ್ ಹೋದರೆ ತೆಂಗಿನಕಾಯಿ ತುರಿದಂತೆ ಕರಕರ ಕೇಳುತ್ತದೆ. ನುರಿತವರು ಹೋದರೆ ಈಳಿಗೆಯಲ್ಲಿ ಬಾಳೆಎಲೆ ಸೀಳಿದ ಹಾಗೆ ಸರ್ರನೆ ಒಂದೇ ಉಸಿರು, ಕೆಲವರದ್ದು ಅದೂ ಇಲ್ಲ. ಕಣ್ಣು ಮುಚ್ಚಿಕೊಂಡೇ ಯಾರು ಒಳ್ಳೆಯವರೆಂದು ಹೇಳಬಹುದು. ಟಿವಿಯಲ್ಲಿ ಇದು ಹಾಡಿನ ಕೆಳಗೆ, ನಿರೂಪಕರ ಮಾತಿನ ಕೆಳಗೆ ಹೂತುಹೋಗಿರುತ್ತದೆ.

ಸರಿ, ಹಾಗಾದರೆ ಸ್ಪರ್ಧೆಗೇ ಹೋಗಬಹುದಲ್ಲ? ಹೋಗಿದ್ದೇನೆ. 2018 ಮತ್ತು 2023ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳು ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲೇ ನಡೆದವು. ಒಂದು ವಿಷಯ ಒಪ್ಪಿಕೊಳ್ಳಬೇಕು: ಶೋನಲ್ಲಿ ಜಂಪ್‌ಗಳು ಸುಲಭದವು. ಗಾಳಿಯಲ್ಲಿ ನಾಲ್ಕು ಸುತ್ತಿನದು ಅಪರೂಪ, ಮೂರು ಸುತ್ತಿನದು ಬರುತ್ತದೆ, ಎಷ್ಟೋ ಸಲ ಎರಡೇ. ಸ್ಪಾಟ್‌ಲೈಟ್ ಕಣ್ಣಿಗೆ ಕುಕ್ಕುತ್ತಿರುತ್ತದೆ, ಅದರಾಚೆ ಕತ್ತಲೆ. ಇಳಿಯುವ ನೆಲವೇ ಸರಿಯಾಗಿ ಕಾಣದಿದ್ದರೆ ಯಾರು ತಾನೇ ನಾಲ್ಕು ಸುತ್ತು ಹಾರುತ್ತಾರೆ? ಜಂಪ್ ಎಣಿಸುವವರು ಸ್ಪರ್ಧೆಗೇ ಹೋಗಲಿ.

ಆದರೆ ಸ್ಪರ್ಧೆಯಲ್ಲಿ ಕೂತರೆ ನಾನೂ ಎಣಿಸುವವಳೇ ಆಗಿಬಿಡುತ್ತೇನೆ. ಇತ್ತೀಚಿನ ವರ್ಷಗಳ ನಿಯಮದಂತೆ ಗಂಡಸರ ಫ್ರೀ ಸ್ಕೇಟ್ ಎಂಬ ದೊಡ್ಡ ಪ್ರದರ್ಶನ ನಾಲ್ಕು ನಿಮಿಷ. ಅದರೊಳಗೆ ಏಳು ಜಂಪ್, ನಿಂತಲ್ಲೇ ಬುಗುರಿಯಂತೆ ತಿರುಗುವ ಮೂರು ಸ್ಪಿನ್ ತುಂಬಬೇಕು. ಸ್ಪಿನ್ನಿನಲ್ಲಿ ಕಾಲನ್ನು ಹೀಗೆ ಎಳೆದರೆ ಇಷ್ಟು, ತಲೆಯನ್ನು ಹಾಗೆ ಬಗ್ಗಿಸಿದರೆ ಇಷ್ಟು ಎಂದು ಲೆಕ್ಕ. ಕಿರಾಣಿ ಅಂಗಡಿಯ ಚೀಟಿಯಂತೆ ಒಂದೊಂದೇ ಬಾಬತ್ತು ಮುಗಿಸುತ್ತಾ ಹೋಗುತ್ತಾರೆ. ಶೋನಲ್ಲಿ ಅದೇ ಮನುಷ್ಯ ಎರಡೂ ಪಾದಗಳನ್ನು ಎಡಕ್ಕೊಂದು ಬಲಕ್ಕೊಂದು ತಿರುಗಿಸಿ, ತೋಳು ಚಾಚಿ, ಅರ್ಧ ರಿಂಕಿಗೆ ದೊಡ್ಡದೊಂದು ಕಮಾನು ಬರೆಯುತ್ತಾ ಸುಮ್ಮನೆ ವಾಲಿಕೊಂಡು ಹೋಗುತ್ತಾನೆ. ಇದಕ್ಕೆ ಸ್ಪ್ರೆಡ್ ಈಗಲ್ ಅನ್ನುತ್ತಾರೆ. ನಾನಿರುವ ಸನಿವೇಲ್‌ನಲ್ಲೇ ಬೆಳೆದ, 1988ರಲ್ಲಿ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಯನ್ ಬೊಯ್ಟಾನೊ ಇದಕ್ಕೇ ಹೆಸರುವಾಸಿ. ಅಷ್ಟು ಹೊತ್ತು ಅದನ್ನು ಹಿಡಿದಿಡುವ ಪುರುಸೊತ್ತು ಈಗಿನ ಸ್ಪರ್ಧೆಯಲ್ಲಿ ಯಾರಿಗೂ ಇಲ್ಲ. ನನಗೆ ಬೇಕಾಗಿದ್ದು ಅದೇ ಪುರುಸೊತ್ತು.

ನಿಯಮದ ಪುಸ್ತಕ ಓಡಿಸಿದ್ದು ಶೋನಲ್ಲಿ ಬದುಕಿಕೊಂಡ ಕಥೆಯೂ ಇದೆ. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಟೆರಿ ಕುಬಿಕಾ ಎಂಬ ಅಮೆರಿಕದವನು ಮಂಜಿನ ಮೇಲೆ ಹಿಂದಕ್ಕೆ ಪಲ್ಟಿ ಹೊಡೆದ. ಅಪಾಯವೆಂದು ಅದನ್ನು ಆಮೇಲೆ ನಿಷೇಧಿಸಿದರು. ಹಾಗಂತ ಪಲ್ಟಿ ಸಾಯಲಿಲ್ಲ, ಶೋಗಳಿಗೆ ಬಂತು. 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಕಾಟ್ ಹ್ಯಾಮಿಲ್ಟನ್ ರಾತ್ರಿ ರಾತ್ರಿ ಅದನ್ನು ಹೊಡೆದ. ಈ ಸ್ಟಾರ್ಸ್ ಆನ್ ಐಸ್ ಕೂಡ ಅವನದೇ ಕೂಸು. ಐಸ್ ಕಪೇಡ್ಸ್ ಎಂಬ ಹಳೆಯ ದೊಡ್ಡ ಶೋ ಎರಡು ವರ್ಷದ ನಂತರ ಅವನ ಕರಾರು ಮುಂದುವರಿಸಲಿಲ್ಲ. 1986ರಲ್ಲಿ ಸಣ್ಣದಾಗಿ ತನ್ನದೇ ತಂಡ ಕಟ್ಟಿದ. ಫ್ರಾನ್ಸಿನ ಸೂರ್ಯಾ ಬೊನಾಲಿ 1998ರಲ್ಲಿ ನಗಾನೊ ಒಲಿಂಪಿಕ್ಸ್‌ನಲ್ಲೇ, ಅಂಕ ಕಡಿಯುತ್ತಾರೆಂದು ಗೊತ್ತಿದ್ದೂ, ಪಲ್ಟಿ ಹೊಡೆದು ಒಂಟಿ ಕಾಲಿನ ಮೇಲೆ ಇಳಿದಳು. ಆಮೇಲೆ ಪ್ರೊಫೆಷನಲ್ ಆಗಿ ಊರೂರು ಸುತ್ತಿ ಅದನ್ನೇ ತೋರಿಸಿದಳು. 2024ರಲ್ಲಿ ನಿಷೇಧ ತೆಗೆದರು. ಅಲ್ಲಿಯವರೆಗೆ ಹತ್ತಿರಹತ್ತಿರ ಐದು ದಶಕ ಆ ಪಲ್ಟಿಯನ್ನು ಸಾಕಿಕೊಂಡಿದ್ದು ಗೆಲ್ಲುವ ಹಂಗಿಲ್ಲದ ಈ ಜನ.

ಹೋಗುವವರಿಗೆ ಎರಡು ಮಾತು. ರಿಂಕಿಗೆ ತಾಗಿದ ದುಬಾರಿ ಸೀಟು ಬೇಡ. ಮುಖ ಕಾಣುತ್ತದೆ, ಮಂಜಿನ ಮೇಲೆ ಬರೆಯುವ ಗೆರೆ ಕಾಣುವುದಿಲ್ಲ. ಉದ್ದನೆಯ ಬದಿಯಲ್ಲಿ, ಹತ್ತು ಹದಿನೈದು ಸಾಲು ಮೇಲೆ, ಮೂಲೆಯ ಕಡೆಗೆ ಕೂರಿ. ಲುಟ್ಜ್ ಎಂಬ ಜಂಪ್‌ಗೆ ಹಿಮ್ಮುಖವಾಗಿ ಉದ್ದಕ್ಕೆ ಬಂದು ಸಾಮಾನ್ಯವಾಗಿ ಮೂಲೆಯಲ್ಲೇ ಹಾರುತ್ತಾರೆ. ಇನ್ನು ಹೊರಗೆ ಎಷ್ಟೇ ಬಿಸಿಲಿರಲಿ, ಸ್ವೆಟರ್ ಒಯ್ಯಿರಿ. ಮೊದಲ ಸಲ ನಾನು ಹತ್ತಿ ಚೂಡಿದಾರ, ತೆರೆದ ಚಪ್ಪಲಿಯಲ್ಲಿ ಹೋಗಿ ಮಧ್ಯಂತರದ ಹೊತ್ತಿಗೆ ಕಾಲ್ಬೆರಳು ಇವೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡಿದ್ದೆ.

ಅಮ್ಮನಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. "ನೀನು ರಾತ್ರಿಯಿಡೀ ಗದಾಯುದ್ಧ ನೋಡ್ತಿದ್ದೆಯಲ್ಲ, ಕೌರವ ಬೀಳ್ತಾನೆ ಅಂತ ಗೊತ್ತಿರ್ಲಿಲ್ವಾ?" ಅಂದೆ. "ಅದು ಬೇರೆ ಕಣೆ," ಅಂದಳು. ಹೇಗೆ ಬೇರೆ ಅಂತ ಹೇಳಲಿಲ್ಲ.

ಆಮೇಲೊಂದು ವಸಂತದಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ಕರೆದುಕೊಂಡು ಹೋದೆ. ಸೀರೆಯ ಮೇಲೆ ನನ್ನ ಜಾಕೆಟ್, ತಲೆಗೆ ಮಫ್ಲರ್. ಮೊದಲರ್ಧದಲ್ಲಿ ಒಂದು ಮಾತಿಲ್ಲ. ಮಧ್ಯಂತರದಲ್ಲಿ ಜಾಂಬೋನಿ ಬಂತು, ಆಗ ಎದ್ದು ಕೂತಳು. 1949ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ ಮಾಡಿದ ಯಂತ್ರ. ಗೀರು ಬಿದ್ದ ಮಂಜನ್ನು ತೆಳ್ಳಗೆ ಹೆರೆದು, ಬಿಸಿನೀರು ಸವರುತ್ತಾ ಹೋಗುತ್ತದೆ. ಹಿಂದೆ ಕನ್ನಡಿಯಂಥ ಪಟ್ಟಿ. "ಅಂಗಳ ಸಾರಿಸೋದು ನೋಡು, ಎಷ್ಟು ನೀಟಾಗಿ ಮಾಡ್ತಾನೆ, ಒಂದು ಕಡೆಯೂ ಬಿಟ್ಟಿಲ್ಲ," ಅಂದಳು. ಇಡೀ ಶೋನಲ್ಲಿ ಅವಳಿಗೆ ಹಿಡಿಸಿದ್ದು ಇದೊಂದೇ ಎಂದುಕೊಂಡೆ.

ದ್ವಿತೀಯಾರ್ಧದಲ್ಲಿ ಒಬ್ಬ ಹುಡುಗ ಆಕ್ಸೆಲ್ ಹಾರಿ ಬಿದ್ದ. ಆಕ್ಸೆಲ್ ಅಂದರೆ ಮುಖ ಮುಂದೆ ಮಾಡಿ ಹಾರುವ ಒಂದೇ ಜಂಪ್, ಅರ್ಧ ಸುತ್ತು ಹೆಚ್ಚು. ಸೊಂಟದ ಮೇಲೆ ಬಿದ್ದು ತಡೆಗೋಡೆಯವರೆಗೂ ಜಾರಿದ. ಸ್ಪರ್ಧೆಯಾಗಿದ್ದರೆ ಅದು ಅಲ್ಲಿಗೆ ಮುಗಿದ ಲೆಕ್ಕ. ಇವನು ಎದ್ದ, ಬಟ್ಟೆಗೆ ಹತ್ತಿದ ಪುಡಿ ಕೊಡವಿದ, ಹಾಡು ಮುಗಿದರೂ ಬಿಡದೆ ಒಂದು ಸುತ್ತು ಹಾಕಿ ಬಂದು ಮತ್ತೆ ಹಾರಿದ. ಈ ಸಲ ನಿಂತ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಮ್ಮ ಎದ್ದಳೋ ಇಲ್ಲವೋ ಕತ್ತಲಲ್ಲಿ ನನಗೆ ಕಾಣಲಿಲ್ಲ.

ಕಾರಿನಲ್ಲಿ ಬರುವಾಗ ಬಹಳ ಹೊತ್ತು ಸುಮ್ಮನಿದ್ದಳು.

"ಆ ಬಿದ್ದ ಹುಡುಗ ನಾಳೆನೂ ಕುಣೀಬೇಕೇನೇ?"

"ಹೂಂ, ಬೇರೆ ಊರಲ್ಲಿ."

"ಮೇಳದವರ ಹಾಗೇ ಅನ್ನು. ರಾತ್ರಿ ಊಟ ಎಲ್ಲಿ ಮಾಡ್ತಾರೋ ಪಾಪ."